ಇವರಲ್ಲಿ ಮುಖ್ಯ ಕಲಾವಿದರು ಯಾರು?

ಪ್ರಶ್ನೆ: ನಾವು ಮೈಸೂರಿನವರು. ಕೆಲಸದ ಮೇಲೆ ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದೇವೆ. ಮುಂದಿನ ತಿಂಗಳು ಇಲ್ಲಿನ ಒಂದು ಚಿಕ್ಕ ಸಭಾಂಗಣದಲ್ಲಿ ಚೇಂಬರ್ ಸಂಗೀತದ, ಅಂದರೆ ನಾಲ್ಕೈದು ಜನ ಕೂತು ನುಡಿಸುವ ಪಾಶ್ಚಾತ್ಯ ಸಂಗೀತದ ಕಛೇರಿ ಇದೆ. ಶೂಮನ್ ಅವರ ಪಿಯಾನೋ ಕ್ವಿಂಟೆಟ್ (ಪಿಯಾನೋ ಸೇರಿ ಐದು ವಾದ್ಯಗಳ ರಚನೆ), ವಿರಾಮ, ಆಮೇಲೆ ಬ್ರಾಮ್ಸ್ ಅವರ ಪಿಯಾನೋ ಕ್ವಿಂಟೆಟ್. ನಾನು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕೇಳಿದವಳು, ಸ್ವಲ್ಪ ಹಾಡುತ್ತೇನೆ ಕೂಡ. ಇವೆರಡನ್ನೂ ಯೂಟ್ಯೂಬ್‌ನಲ್ಲಿ ಹಾಕಿ ಕೇಳಿದೆ. ಚೆನ್ನಾಗಿದೆ ಅನಿಸುತ್ತದೆ, ಆದರೆ ಹತ್ತು ನಿಮಿಷಕ್ಕೆ ಗಮನ ಜಾರಿಹೋಗುತ್ತದೆ. ಏನನ್ನು ಹಿಡಿದುಕೊಂಡು ಕೇಳಬೇಕು? ಚಪ್ಪಾಳೆ ಯಾವಾಗ? ಪಿಟೀಲು ಕಲಿಯುತ್ತಿರುವ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ?

ಉತ್ತರ: ಗಮನ ಜಾರುವುದು ನಿಮ್ಮ ತಪ್ಪಲ್ಲ. ನಾನು ಮೊದಲು ವೀಣೆ ಕಲಿತು ಆಮೇಲೆ ಪಿಯಾನೋ ಕಡೆಗೆ ಬಂದವನು. ನನಗೂ ಹಾಗೇ ಆಗುತ್ತಿತ್ತು. ಯಾಕೆ ಅಂತ ಗೊತ್ತಾಗಲು ಕೆಲವು ವರ್ಷವೇ ಹಿಡಿಯಿತು.

ನಮ್ಮ ಕಿವಿಗೆ ಒಂದು ಅಭ್ಯಾಸ ಇದೆ. ವೇದಿಕೆ ಮೇಲೆ ಎಷ್ಟೇ ಜನ ಕೂತಿರಲಿ, ನಡುವೆ ಕೂತವರು ಯಾರು ಅಂತ ಮೊದಲು ನೋಡುತ್ತೇವೆ. ಅವರೇ ಮುಖ್ಯ ಕಲಾವಿದರು. ಪಕ್ಕವಾದ್ಯದವರು ಅವರನ್ನು ಹಿಂಬಾಲಿಸುತ್ತಾರೆ, ಸರದಿ ಬಂದಾಗ ನುಡಿಸುತ್ತಾರೆ, ಮತ್ತೆ ಹಿಂದೆ ಸರಿಯುತ್ತಾರೆ. ಇದೇ ಕಿವಿ ಇಟ್ಟುಕೊಂಡು ಕ್ವಿಂಟೆಟ್‌ಗೆ ಹೋದರೆ ಏನಾಗುತ್ತದೆ? ಅಷ್ಟು ದೊಡ್ಡ ಕಪ್ಪು ಪಿಯಾನೋ ನೋಡಿ ಅದೇ ಮುಖ್ಯ ಅಂದುಕೊಳ್ಳುತ್ತೇವೆ. ಇಲ್ಲದಿದ್ದರೆ ಮೊದಲ ಪಿಟೀಲಿಗೆ ಅಂಟಿಕೊಳ್ಳುತ್ತೇವೆ. ಸ್ವಲ್ಪ ಹೊತ್ತಿಗೆ ಆ ಪಿಟೀಲು ಏನೋ ಸಣ್ಣಗೆ ಗುಂಯ್‌ಗುಡಲು ಶುರು ಮಾಡುತ್ತದೆ. ‘ಹಾಡು ಸಪ್ಪೆಯಾಯಿತಲ್ಲ’ ಅನಿಸುತ್ತದೆ. ನಿಜವಾಗಿ ಹಾಡು ಎಲ್ಲಿಗೂ ಹೋಗಿಲ್ಲ, ಪಕ್ಕದ ಕುರ್ಚಿಗೆ ಹೋಗಿದೆ. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲದವರು ಅದನ್ನು ನುಡಿಸುತ್ತಿದ್ದಾರೆ. ನಾವು ಅವರ ಕಡೆ ನೋಡಿಯೇ ಇಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ಮುಖ್ಯ ಕಲಾವಿದರು ಯಾರು ಅಂತ ಹುಡುಕಬೇಡಿ. ಮಾತು ಈಗ ಯಾರ ಬಾಯಲ್ಲಿದೆ ಅಂತ ಹುಡುಕಿ. ಊಟದ ಮನೆಯಲ್ಲಿ ಐದು ಜನ ಅಣ್ಣತಮ್ಮಂದಿರು ಸೇರಿದಾಗ ಮಾತು ಹೇಗೆ ಓಡಾಡುತ್ತದೋ ಹಾಗೆ. ಒಬ್ಬರು ಕಥೆ ಶುರು ಮಾಡುತ್ತಾರೆ, ಇನ್ನೊಬ್ಬರು ಅರ್ಧದಲ್ಲಿ ಕಿತ್ತುಕೊಳ್ಳುತ್ತಾರೆ, ಮೂಲೆಯಲ್ಲಿ ಕೂತವರು ಹೂಂಗುಟ್ಟುತ್ತಾರೆ. ಆ ಹೂಂಗುಟ್ಟುವುದೂ ಮಾತೇ.

ಇನ್ನೊಂದು ತೊಡಕೂ ಇದೆ. ಇಲ್ಲಿ ತಂಬೂರಿ ಇಲ್ಲ. ನಮಗೆ ಕಛೇರಿ ಪೂರ್ತಿ ಷಡ್ಜ ಕಿವಿಯಲ್ಲಿ ಮೊಳಗುತ್ತಿರುತ್ತದೆ. ಎಷ್ಟು ದೂರ ಹೋದರೂ ಮನೆ ಎಲ್ಲಿದೆ ಅಂತ ಗೊತ್ತು. ಇವರ ಸಂಗೀತದಲ್ಲಿ ಷಡ್ಜವೇ ಎದ್ದು ಜಾಗ ಬದಲಿಸುತ್ತದೆ. ಕೇಳುವವರ ಕಾಲಡಿ ನೆಲ ಅಲುಗಿದ ಹಾಗಾಗುತ್ತದೆ. ನಮ್ಮಲ್ಲಿ ರಾಗದ ಬೇರೊಂದು ಸ್ವರವನ್ನೇ ಷಡ್ಜ ಮಾಡಿಕೊಂಡು ಗ್ರಹಭೇದ ಅಂತ ಒಂದು ಚಮತ್ಕಾರ ಮಾಡುತ್ತಾರಲ್ಲ, ಅದನ್ನೇ ಇವರು ದಿನದ ಅಡುಗೆ ಮಾಡಿಕೊಂಡಿದ್ದಾರೆ. ಶೂಮನ್ ಕ್ವಿಂಟೆಟ್ ಈ-ಫ್ಲಾಟ್ ಮೇಜರ್‌ನಲ್ಲಿದೆ. ಸ್ವರಗಳ ಲೆಕ್ಕದಲ್ಲಿ ನಮ್ಮ ಶಂಕರಾಭರಣ. ಅದರ ಎರಡನೇ ಭಾಗ ಸಿ ಮೈನರ್. ಅಂದರೆ ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡ ಹಾಗೆ, ಹತ್ತಿರಹತ್ತಿರ ನಠಭೈರವಿ. ಇಷ್ಟು ಗೊತ್ತಿದ್ದರೆ ಸಾಕು. ಇದಕ್ಕಿಂತ ಮುಂದೆ ರಾಗ ಗುರುತಿಸಲು ಹೋಗಬೇಡಿ. ಕೈಗೆ ಸಿಗುವ ಮೊದಲೇ ಅದು ಮುಂದೆ ಹೋಗಿರುತ್ತದೆ, ಸುಮ್ನೆ ಸುಸ್ತು.

ಕ್ವಿಂಟೆಟ್ ಅಂದರೆ ಐದು ಪಿಯಾನೋ ಅಲ್ಲ. ಹಾಗೆ ಕೇಳಿದವರೂ ಇದ್ದಾರೆ! ಒಂದು ಪಿಯಾನೋ, ಎರಡು ಪಿಟೀಲು, ಒಂದು ವಯೋಲ, ಕಾಲುಗಳ ನಡುವೆ ಇಟ್ಟು ನುಡಿಸುವ ದೊಡ್ಡ ತಂತಿವಾದ್ಯ ಚೆಲ್ಲೋ ಒಂದು. ಶೂಬರ್ಟ್ 1819ರಲ್ಲಿ ಬರೆದ ಹೆಸರುವಾಸಿ ‘ಟ್ರೌಟ್’ ಕ್ವಿಂಟೆಟ್‌ನಲ್ಲಿ ಒಂದೇ ಪಿಟೀಲು, ಜೊತೆಗೆ ಚೆಲ್ಲೋಗಿಂತಲೂ ದೊಡ್ಡದಾದ ಡಬಲ್ ಬೇಸ್. ಪಿಯಾನೋ ಜೊತೆ ನಾಲ್ಕು ಜನರ ಪೂರ್ತಿ ತಂತಿವಾದ್ಯದ ತಂಡ ಕೂಡಿಸುವ ಪ್ರಯತ್ನ ಮೊದಲೂ ನಡೆದಿತ್ತು. ಆದರೆ ಅದು ಗಟ್ಟಿಯಾಗಿ ನಿಂತದ್ದು 1842ರಲ್ಲಿ, ಶೂಮನ್ ಕೈಯಲ್ಲಿ. ಅಷ್ಟು ಹೊತ್ತಿಗೆ ಪಿಯಾನೋ ಒಳಗೆ ಕಬ್ಬಿಣ ಬಂದಿತ್ತು, ತಂತಿ ದಪ್ಪವಾಗಿತ್ತು, ದನಿ ಬೆಳೆದಿತ್ತು. ಒಂದು ಕಡೆ ಪಿಯಾನೋ, ಇನ್ನೊಂದು ಕಡೆ ನಾಲ್ಕು ತಂತಿವಾದ್ಯ ಅಂದರೆ ತಕ್ಕಡಿ ಸಮ ತೂಗುವ ಕಾಲ ಬಂದಿತ್ತು.

ನಿಮಗೊಂದು ಅದೃಷ್ಟ ಇದೆ. ಈ ಕ್ವಿಂಟೆಟ್ ಹುಟ್ಟಿದ್ದು ನೀವಿರುವ ಊರಿನಲ್ಲೇ. ಇನ್ಸೆಲ್‌ಸ್ಟ್ರಾಸೆ 18ನೇ ನಂಬರಿನ ಮನೆಯಲ್ಲಿ. ರಾಬರ್ಟ್ ಶೂಮನ್ ಮತ್ತು ಕ್ಲಾರಾ ಮದುವೆಯಾಗಿ ಸಂಸಾರ ಹೂಡಿದ ಮನೆ ಅದು. ಈಗ ಮ್ಯೂಸಿಯಂ. ಕಛೇರಿಗೆ ಮೊದಲು ಒಂದು ಭಾನುವಾರ ಹೋಗಿ ಬನ್ನಿ. ಕ್ಲಾರಾ ಆ ಕಾಲದ ದೊಡ್ಡ ಪಿಯಾನೋ ಕಲಾವಿದೆ. ಆಕೆಯ ಅಪ್ಪ ಈ ಮದುವೆಗೆ ಒಪ್ಪಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಕೊನೆಗೆ 1840ರ ಸೆಪ್ಟೆಂಬರ್ 12ರಂದು ಮದುವೆ ಆಯಿತು. ಆ ವರ್ಷ ಶೂಮನ್ ನೂರಕ್ಕೂ ಹೆಚ್ಚು ಹಾಡು ಬರೆದರು. ಮರುವರ್ಷ ಸಿಂಫನಿ. 1842ರಲ್ಲಿ ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್ ಮೂರು ಬರೆದು, ಸೆಪ್ಟೆಂಬರ್ ಅಕ್ಟೋಬರ್‌ನ ಕೆಲವೇ ವಾರಗಳಲ್ಲಿ ಈ ಕ್ವಿಂಟೆಟ್ ಮುಗಿಸಿದರು. ಅರ್ಪಣೆ ಕ್ಲಾರಾಗೆ.

ಡಿಸೆಂಬರ್ 6ಕ್ಕೆ ಪರಿಚಯದವರ ಮನೆಯಲ್ಲಿ ನುಡಿಸುವುದು ಅಂತಾಗಿತ್ತು. ಕ್ಲಾರಾಗೆ ಹುಷಾರಿರಲಿಲ್ಲ. ಅಲ್ಲಿದ್ದ ಇನ್ನೊಬ್ಬ ದೊಡ್ಡ ಸಂಗೀತಗಾರ ಮೆಂಡೆಲ್ಸನ್ ಪಿಯಾನೋ ಮುಂದೆ ಕೂತು, ಅಭ್ಯಾಸವೇ ಇಲ್ಲದೆ, ಹಾಳೆ ನೋಡಿಕೊಂಡು ನುಡಿಸಿಬಿಟ್ಟರು. ಪಿಯಾನೋ ಭಾಗ ಎಷ್ಟು ಕಷ್ಟ ಅಂತ ಬಲ್ಲವರಿಗೆ ಇದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ. ನುಡಿಸಿ ಸುಮ್ಮನಿರಲಿಲ್ಲ, ಕೆಲವು ಕಡೆ ಬದಲಿಸಿದರೆ ಚೆನ್ನ ಅಂತ ಸಲಹೆಯನ್ನೂ ಕೊಟ್ಟರು. ಶೂಮನ್ ಬದಲಿಸಿದರು. 1843ರ ಜನವರಿ 8ಕ್ಕೆ ಊರಿನ ದೊಡ್ಡ ಸಂಗೀತ ಸಭಾಂಗಣ ಗೆವಾಂಡ್‌ಹೌಸ್‌ನಲ್ಲಿ ಕ್ಲಾರಾ ಪಿಯಾನೋದೊಂದಿಗೆ ಇದು ಸಾರ್ವಜನಿಕರ ಮುಂದೆ ಬಂತು. ಆ ಹಳೇ ಗೆವಾಂಡ್‌ಹೌಸ್ ಈಗಿಲ್ಲ. ಟ್ರಾಮ್‌ನಿಂದ ನಿಮಗೆ ಕಾಣುವುದು 1981ರ ಕಟ್ಟಡ.

ಈಗ ಕೇಳುವುದಕ್ಕೆ ಬರೋಣ. ಒಂದೇ ಹೋಂವರ್ಕ್. ಶೂಮನ್ ಕ್ವಿಂಟೆಟ್‌ನ ಮೊದಲ ಮೂವತ್ತು ಸೆಕೆಂಡು ಮಾತ್ರ ಹತ್ತು ಸಲ ಕೇಳಿ. ಪೂರ್ತಿ ಬೇಡ. ಐದೂ ಜನ ಒಟ್ಟಿಗೆ ಮೇಲಕ್ಕೆ ಹಾರುವ ಸ್ವರಗಳನ್ನು ನುಡಿಸುತ್ತಾರೆ. ಮೆಟ್ಟಿಲುಗಳನ್ನು ಎರಡೆರಡು ಹಾರಿ ಹತ್ತುವ ಹುಡುಗನ ಹಾಗೆ. ಅದು ನಾಲಿಗೆ ಮೇಲೆ ಬರಬೇಕು, ಪಾತ್ರೆ ತೊಳೆಯುವಾಗ ಗುನುಗುವಷ್ಟು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈ ಅಬ್ಬರ ಇಳಿದ ಮೇಲೆ ಚೆಲ್ಲೋ ಒಂದು ಮೃದುವಾದ ಮಾತು ಹೇಳುತ್ತದೆ, ಮೇಲಕ್ಕೆ ಏರುವ ಮಾತು. ವಯೋಲ ಅದನ್ನೇ ತಲೆಕೆಳಗು ಮಾಡಿ, ಇಳಿಯುವ ಹಾಗೆ ಉತ್ತರ ಕೊಡುತ್ತದೆ. ಆರೋಹಣಕ್ಕೆ ಅವರೋಹಣ. ಇಲ್ಲಿ ಕಣ್ಣು ಬಳಸಿ. ಯಾರ ಕಮಾನು ಉದ್ದವಾಗಿ, ನಿಧಾನವಾಗಿ ಎಳೆಯುತ್ತಿದೆಯೋ ಹೆಚ್ಚಾಗಿ ಮಾತು ಅವರದ್ದು. ಯೂಟ್ಯೂಬ್‌ನಲ್ಲಿ ಗಮನ ಜಾರುವುದು, ಸಭೆಯಲ್ಲಿ ಜಾರದಿರುವುದು ಇದೇ ಕಾರಣಕ್ಕೆ.

ಎರಡನೇ ಭಾಗ ಶವಯಾತ್ರೆಯ ನಡಿಗೆಯಂತಿದೆ. ರಾಗ ತುಂಡುತುಂಡಾಗಿ ಬರುತ್ತದೆ, ನಡುನಡುವೆ ಮೌನ. ದುಃಖದಲ್ಲಿ ಮಾತು ಪೂರ್ತಿ ಬರುವುದಿಲ್ಲವಲ್ಲ, ಹಾಗೆ. ನಡುವೆ ಸಂಗೀತ ಇದ್ದಕ್ಕಿದ್ದಂತೆ ಸಿಟ್ಟಾಗುತ್ತದೆ. ಆ ಗದ್ದಲದ ಒಳಗೆ ವಯೋಲ ಅದೇ ನಡಿಗೆಯ ರಾಗ ಹಿಡಿದು ನಿಲ್ಲುತ್ತದೆ. ಅದು ಕಿವಿಗೆ ಬಿದ್ದರೆ ನಿಮ್ಮ ಟಿಕೆಟ್ ದುಡ್ಡು ವಾಪಸ್ ಬಂತು ಅಂದುಕೊಳ್ಳಿ. 

ಮೂರನೇ ಭಾಗ ಕೇಳಿದರೆ ನಿಮ್ಮ ಮಗಳು ನಗುತ್ತಾಳೆ. ಸರಳೆ ವರಸೆ! ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸ್ವರಗಳ ಏಣಿ ಹತ್ತಿ ಇಳಿಯುವುದೇ ಇಡೀ ವಿಷಯ. ಆದರೆ ಉಸಿರುಕಟ್ಟುವ ವೇಗದಲ್ಲಿ.

ಇನ್ನು ನಾಲ್ಕನೆಯದು. ಇದು ಮನೆಯ ಷಡ್ಜದಲ್ಲಿ ಶುರುವಾಗುವುದಿಲ್ಲ. ಎಲ್ಲೋ ಹೊರಗೆ ಗಡಸಾಗಿ ಶುರುವಾಗಿ, ತುಂಬಾ ಹೊತ್ತು ಊರೂರು ಸುತ್ತುತ್ತದೆ. ಕೊನೆಯ ಹತ್ತಿರ ಎಲ್ಲರೂ ದೊಡ್ಡದಾಗಿ ಏರಿ ನಿಂತುಬಿಡುತ್ತಾರೆ. ಪೂರ್ತಿ ಮೌನ. ಮುಗಿಯಿತು ಅನಿಸುತ್ತದೆ. ಮೊದಲ ಸಲ ಸಭೆಯಲ್ಲಿ ಕೇಳಿದಾಗ ನಾನು ಇಲ್ಲೇ ಜೋರಾಗಿ ಚಪ್ಪಾಳೆ ಹೊಡೆದೆ. ಹೊಡೆದವನು ನಾನೊಬ್ಬನೇ. ಮುಂದಿನ ಸಾಲಿನ ಅಜ್ಜಿ ತಿರುಗಿ ನೋಡಿದ್ದು ಇನ್ನೂ ನೆನಪಿದೆ. ಆ ಮೌನದ ನಂತರ ಬರುವುದೇ ಅಸಲು ವಿಷಯ. ನೀವು ಪಾತ್ರೆ ತೊಳೆಯುತ್ತಾ ಗುನುಗಿದ ಆ ಮೊದಲ ರಾಗ ಪಿಯಾನೋದ ಬಲಗೈಯಲ್ಲಿ ನಿಧಾನವಾಗಿ, ದೊಡ್ಡದಾಗಿ ವಾಪಸ್ ಬರುತ್ತದೆ. ಅದರ ಜೊತೆಗೇ ಎರಡನೇ ಪಿಟೀಲು ಈ ಕೊನೆ ಭಾಗದ ರಾಗವನ್ನು ಸುತ್ತಿಕೊಂಡು ಬರುತ್ತದೆ. ಎರಡೂ ಒಟ್ಟಿಗೆ, ಒಂದರ ಮೇಲೊಂದು. ಆಮೇಲೆ ಒಬ್ಬೊಬ್ಬರೇ ಸೇರುತ್ತಾರೆ. ಅರ್ಧ ಗಂಟೆ ಹಿಂದೆ ಹೊರಟ ಮನೆಗೆ ಐದೂ ಜನ ಒಟ್ಟಿಗೆ ಬಂದು ಸೇರುವುದು ಆಗ. ಹೋಂವರ್ಕ್ ಮಾಡಿರದಿದ್ದರೆ ಇದು ಬರೀ ಗದ್ದಲವಾಗಿ ಕೇಳುತ್ತದೆ.

ವಿರಾಮದಲ್ಲಿ ಕಾಫಿ ಕುಡಿಯಿರಿ. ಬ್ರಾಮ್ಸ್‌ಗೆ ಅದು ಬೇಕಾಗುತ್ತದೆ.

ಶೂಮನ್ ಕ್ವಿಂಟೆಟ್ ದೀಪ ಹಚ್ಚಿದ ಹಜಾರದ ಹಾಗಿದ್ದರೆ, ಬ್ರಾಮ್ಸ್ ಅವರದ್ದು ಮಳೆಗಾಲದ ರಾತ್ರಿ ಕರೆಂಟು ಹೋದ ಮನೆ. ನಲವತ್ತು ನಿಮಿಷಕ್ಕಿಂತ ಜಾಸ್ತಿ ಇದೆ. ಮೊದಲ ಸಲಕ್ಕೆ ಶೂಮನ್ ಹಿಡಿಸುತ್ತದೆ, ಹತ್ತನೇ ಸಲಕ್ಕೆ ಬ್ರಾಮ್ಸ್. ನನ್ನ ಮಟ್ಟಿಗಂತೂ ಹಾಗೇ ಆಯಿತು.

ಇದು ಈಗಿನ ರೂಪಕ್ಕೆ ಬಂದ ಕಥೆಯೇ ಒಂದು ಪಾಠ. ಇಪ್ಪತ್ತರ ಹುಡುಗ ಬ್ರಾಮ್ಸ್ 1853ರಲ್ಲಿ ಡ್ಯುಸೆಲ್‌ಡಾರ್ಫ್‌ನ ಶೂಮನ್ ಮನೆಗೆ ಬಂದವರು, ಆಮೇಲೆ ಜೀವನವಿಡೀ ಕ್ಲಾರಾ ಸ್ನೇಹ ಬಿಡಲಿಲ್ಲ. 1862ರಲ್ಲಿ ಅವರು ಇದನ್ನು ಪಿಯಾನೋ ಇಲ್ಲದೆ, ಐದು ತಂತಿವಾದ್ಯಗಳಿಗೆ ಬರೆದರು, ಎರಡು ಚೆಲ್ಲೋ ಇಟ್ಟು. ಪಿಟೀಲು ದಿಗ್ಗಜ ಯೋವಾಖಿಮ್ ನುಡಿಸಿ ನೋಡಿದರು, ದನಿ ಸಾಲದು ಅಂದರು. ಸರಿ, ಬ್ರಾಮ್ಸ್ ಅದನ್ನು ಎರಡು ಪಿಯಾನೋಗಳಿಗೆ ಮಾರ್ಪಡಿಸಿದರು. 1864ರಲ್ಲಿ ವಿಯೆನ್ನಾದಲ್ಲಿ ನುಡಿಸಿದ್ದೂ ಆಯಿತು. ಈಗ ಕ್ಲಾರಾ ಸರದಿ. ಇದರೊಳಗಿನ ವಿಚಾರಗಳಿಗೆ ಆರ್ಕೆಸ್ಟ್ರಾವೇ ಬೇಕು, ಎರಡು ಪಿಯಾನೋದಲ್ಲಿ ಎಷ್ಟೋ ಕಳೆದುಹೋಗುತ್ತದೆ ಅಂದರು. ಒಬ್ಬರು ತಂತಿ ಸಾಲದು ಅಂದರು, ಇನ್ನೊಬ್ಬರು ಪಿಯಾನೋ ಸಾಲದು ಅಂದರು. ಹಾಗಾದರೆ ಎರಡನ್ನೂ ಸೇರಿಸಿದರೆ? ಹರ್ಮನ್ ಲೆವಿ ಎಂಬ ಸ್ನೇಹಿತರು ಆ ಸಲಹೆ ಕೊಟ್ಟರು. ಅದೇ ವರ್ಷ ಕ್ವಿಂಟೆಟ್ ಸಿದ್ಧವಾಯಿತು, 1865ರಲ್ಲಿ ಅಚ್ಚಾಯಿತು. ಮೊದಲಿನ ತಂತಿವಾದ್ಯದ ಪ್ರತಿಯನ್ನು ಬ್ರಾಮ್ಸ್ ನಾಶ ಮಾಡಿದರು. ಎರಡು ಪಿಯಾನೋದ ರೂಪ ಮಾತ್ರ ಉಳಿದಿದೆ, ಈಗಲೂ ನುಡಿಸುತ್ತಾರೆ.

ಇಷ್ಟು ಗಟ್ಟಿ ನೇಯ್ಗೆಯೊಳಗೆ ದಾರಿ ತಪ್ಪಿದರೆ ಚೆಲ್ಲೋ ಸೆರಗು ಹಿಡಿದುಕೊಳ್ಳಿ. ಶುರುವಿನಲ್ಲಿ ಪಿಯಾನೋ, ಮೊದಲ ಪಿಟೀಲು, ಚೆಲ್ಲೋ ಮೂವರೂ ಒಂದೇ ರಾಗವನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ, ಗುಟ್ಟು ಹೇಳಿದ ಹಾಗೆ. ನಿಲ್ಲುತ್ತಾರೆ. ಮರುಕ್ಷಣ ಸಿಡಿಲು. ಎರಡನೇ ಭಾಗ ತೊಟ್ಟಿಲು ತೂಗಿದಂತೆ. ಅಲ್ಲಿ ಯಾರನ್ನೂ ಹುಡುಕಬೇಡಿ, ಹಾಗೇ ಕೂತಿರಿ. ಮೂರನೆಯದರ ಮೊದಲಲ್ಲಿ ಚೆಲ್ಲೋದವರ ಬಲಗೈ ನೋಡಿ. ಕಮಾನಿನಿಂದ ಎಳೆಯದೆ, ಅತಿ ದಪ್ಪ ತಂತಿಯನ್ನು ಬೆರಳಲ್ಲಿ ಮೀಟುತ್ತಾರೆ. ಒಂದೇ ಸ್ವರ, ಮತ್ತೆ ಮತ್ತೆ. ಕತ್ತಲಲ್ಲಿ ಎದೆ ಬಡಿದುಕೊಳ್ಳುವುದು ಕೇಳಿದ ಹಾಗೆ. ಅದರ ಮೇಲೆ ಉಳಿದವರು ಒಬ್ಬೊಬ್ಬರಾಗಿ ಏರುತ್ತಾ ಹೋಗಿ ದೊಡ್ಡ ಮೆರವಣಿಗೆಯಾಗುತ್ತದೆ. ಇಡೀ ಸಂಜೆಯಲ್ಲಿ ಮೈ ಜುಂ ಅನ್ನುವ ಜಾಗ ಇದು. ಕೊನೆ ಭಾಗದ ಶುರು ಮಂಜಿನಲ್ಲಿ ತಡಕಾಡಿದ ಹಾಗಿರುತ್ತದೆ. ಆ ಮಂಜಿನಿಂದ ಹೊರಗೆ ಬಂದು ಹಾಡು ಎತ್ತಿಕೊಳ್ಳುವುದೂ ಚೆಲ್ಲೋವೇ.

ಜನ ಬಿಡದೆ ಚಪ್ಪಾಳೆ ಹೊಡೆದರೆ ಇನ್ನೊಂದು ತುಣುಕು ನುಡಿಸಬಹುದು. ದ್ವೋರ್ಜಾಕ್ 1887ರಲ್ಲಿ ಬರೆದ ಎ ಮೇಜರ್ ಕ್ವಿಂಟೆಟ್‌ನಿಂದ ಬಂದರೆ ನಿಮ್ಮ ಅದೃಷ್ಟ. ಬಡತನದ ದಿನಗಳಲ್ಲಿದ್ದ ಈ ಚೆಕ್ ಸಂಗೀತಗಾರರನ್ನು ಪ್ರಕಾಶಕರ ಹತ್ತಿರ ಕಳಿಸಿ ಮೇಲೆತ್ತಿದವರು ಇದೇ ಬ್ರಾಮ್ಸ್. ದ್ವೋರ್ಜಾಕ್ ಪ್ರಾಗ್‌ನಲ್ಲಿ ವರ್ಷಗಟ್ಟಲೆ ವಯೋಲ ನುಡಿಸಿ ಹೊಟ್ಟೆ ಹೊರೆದವರು. ಹಾಗಾಗಿ ಅವರ ಕ್ವಿಂಟೆಟ್‌ನಲ್ಲಿ ವಯೋಲಕ್ಕೆ ಒಳ್ಳೊಳ್ಳೆ ಜಾಗ ಸಿಕ್ಕಿದೆ. ಸ್ವಂತ ಮಗುವಿಗೆ ಬಡಿಸುವಾಗ ಎರಡು ಚಮಚ ತುಪ್ಪ ಜಾಸ್ತಿ, ಅಲ್ವಾ?

ನೀವು ಕೇಳಿಲ್ಲ, ಆದರೆ ಹಾಡುವವರಿಗೆ ಈ ಅನುಮಾನ ಬಂದೇ ಬರುತ್ತದೆ. ಎಲ್ಲವನ್ನೂ ಹಾಳೆ ನೋಡಿ ನುಡಿಸುತ್ತಾರೆ, ಮನೋಧರ್ಮ ಎಲ್ಲಿ? ಸ್ವರ ಹೊಸದಾಗಿ ಹುಟ್ಟಿಸುವುದು ಇಲ್ಲವೇ ಇಲ್ಲ. ಆದರೆ ಆ ಶವಯಾತ್ರೆಯ ಮೌನ ಎಷ್ಟು ಉದ್ದ? ಮೀಟುವ ಸ್ವರ ಎಷ್ಟು ಮೆತ್ತಗೆ? ಅಷ್ಟು ದೊಡ್ಡ ಪಿಯಾನೋ ವಯೋಲದ ಮಾತಿಗೆ ಎಷ್ಟು ತಗ್ಗಬೇಕು? ಇದು ಯಾವ ಹಾಳೆಯಲ್ಲೂ ಇಲ್ಲ. ಆರ್ಕೆಸ್ಟ್ರಾದಲ್ಲಿ ಇರುವಂತೆ ಕೈ ತೋರಿಸಿ ನಡೆಸುವ ಕಂಡಕ್ಟರ್ ಕೂಡ ಇಲ್ಲ. ಮೊದಲ ಪಿಟೀಲಿನವರು ಮೂಗಿನಿಂದ ಉಸಿರೆಳೆದುಕೊಳ್ಳುವುದು ಮುಂದಿನ ಸಾಲಿಗೆ ಕೇಳಿಸುತ್ತದೆ. ಅದೇ ಸನ್ನೆ. ಶ್ರುತಿ ಸೇರಿಸುವುದನ್ನೂ ಗಮನಿಸಿ. ನಮ್ಮಲ್ಲಿ ಎಲ್ಲರೂ ಮುಖ್ಯ ಕಲಾವಿದರ ಶ್ರುತಿಗೆ ಬರುತ್ತಾರೆ. ಇಲ್ಲಿ ನಾಲ್ವರೂ ಪಿಯಾನೋಗೆ ಬರಬೇಕು, ಯಾಕೆಂದರೆ ಅದು ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ.

ಚಪ್ಪಾಳೆ: ಒಂದೊಂದು ಕ್ವಿಂಟೆಟ್‌ನಲ್ಲೂ ನಾಲ್ಕು ಭಾಗ. ನಾಲ್ಕೂ ಮುಗಿದ ಮೇಲೆ ಒಂದೇ ಸಲ. ನಡುವೆ ಜನ ಕೆಮ್ಮುತ್ತಾರೆ, ಅಷ್ಟೇ. ಅನುಮಾನ ಬಂದರೆ ಕಮಾನು ನೋಡಿ. ಕಮಾನು ಕೆಳಗಿಳಿದು, ಅವರು ನಕ್ಕು, ಎದ್ದ ಮೇಲೆ ಹೊಡೆಯಿರಿ. ಈ ಮಡಿ ಮೊದಲಿಂದಲೂ ಇದ್ದದ್ದಲ್ಲ. ಆಗಿನ ಕಾಲದಲ್ಲಿ ಭಾಗ ಹಿಡಿಸಿದರೆ ಅಲ್ಲೇ ಚಪ್ಪಾಳೆ ಬೀಳುತ್ತಿತ್ತು, ಬೀಳದಿದ್ದರೆ ಕಲಾವಿದರಿಗೆ ದಿಗಿಲು. 1859ರ ಜನವರಿ 27ರಂದು ನಿಮ್ಮ ಲೈಪ್‌ಜಿಗ್‌ನಲ್ಲೇ ಬ್ರಾಮ್ಸ್ ತಮ್ಮ ಮೊದಲ ಪಿಯಾನೋ ಕನ್ಸರ್ಟೋ (ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸುವ ರಚನೆ) ನುಡಿಸಿದಾಗ ನಡುವೆ ಒಬ್ಬರೂ ಮಿಸುಕಲಿಲ್ಲ. ಕೊನೆಗೆ ಎರಡು ಮೂರು ಕೈ ತಟ್ಟುವಷ್ಟರಲ್ಲಿ ಸುತ್ತಲಿಂದ ಉಸ್ಸ್ ಅಂತ ಛೀಮಾರಿ. ಈಗ ಅದೇ ಊರಿನಲ್ಲಿ ಮೌನವೇ ಮರ್ಯಾದೆ. ಇನ್ನೊಂದು ಮಾತು. ತೊಡೆ ಮೇಲೆ ತಾಳ ಹಾಕಬೇಡಿ. ನಮಗೆ ಕೈ ತಾನಾಗೇ ಹೋಗುತ್ತದೆ, ಪಕ್ಕದವರಿಗೆ ಅದು ಗಡಿಯಾರ ಬಡಿದ ಹಾಗೆ ಕೇಳುತ್ತದೆ.

ಮೈಸೂರಿನವರು ಅಂದಿದ್ದಕ್ಕೆ ಒಂದು ವಿಷಯ ಹೇಳದೆ ಇರಲಾರೆ. ಜಯಚಾಮರಾಜ ಒಡೆಯರ್ ಅವರಿಗೆ ಪಿಯಾನೋ ಸಂಗೀತದ ಮೇಲೆ ಎಷ್ಟು ಪ್ರೀತಿ ಅಂದರೆ, ಲಂಡನ್‌ನಲ್ಲಿ ಮರೆತುಹೋದಂತೆ ಬದುಕುತ್ತಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಡ್ಟ್‌ನರ್ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಲು 1940ರ ದಶಕದ ಕೊನೆಗೆ ಹಣ ಕೊಟ್ಟರು. ಮೆಡ್ಟ್‌ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು. ಅವರೂ ಒಂದು ಪಿಯಾನೋ ಕ್ವಿಂಟೆಟ್ ಬರೆದಿದ್ದಾರೆ. ನಲವತ್ತಕ್ಕೂ ಹೆಚ್ಚು ವರ್ಷ ಅದನ್ನು ಕೈಯಲ್ಲಿಟ್ಟುಕೊಂಡು ತಿದ್ದಿದ್ದರು. ಮಹಾರಾಜರ ನೆರವಿನ ಆ ರೆಕಾರ್ಡಿಂಗ್ ದಿನಗಳಲ್ಲೇ ಸ್ವತಃ ಪಿಯಾನೋ ನುಡಿಸಿ ಅದನ್ನು ದಾಖಲಿಸಿದರು. 1951ರಲ್ಲಿ ತೀರಿಕೊಂಡರು. ಶೂಮನ್, ಬ್ರಾಮ್ಸ್ ರುಚಿ ಹತ್ತಿದ ಮೇಲೆ ಅದನ್ನೂ ಕೇಳಿ.

ಮಗಳನ್ನು ಖಂಡಿತ ಕರೆದುಕೊಂಡು ಹೋಗಿ. ಕಾಲು ಮಡಚಿ ಕೂತು, ಪಿಟೀಲನ್ನು ಪಾದದ ಮೇಲೆ ಊರಿ ಕಲಿಯುತ್ತಿರುವವಳಿಗೆ ಇವರು ಗದ್ದದ ಕೆಳಗೆ ಸಿಕ್ಕಿಸಿಕೊಂಡು ನುಡಿಸುವುದೇ ಒಂದು ತಮಾಷೆ. ಗಮಕ ಯಾಕಿಲ್ಲ, ಬೆರಳು ಮಾತ್ರ ಯಾಕೆ ನಡುಗಿಸುತ್ತಾರೆ ಅಂತ ಕೇಳುತ್ತಾಳೆ. ಉತ್ತರ ಮನೆಗೆ ಬಂದ ಮೇಲೆ. ಶೂಮನ್ ಅರ್ಧ ಗಂಟೆ, ಅಷ್ಟು ಕೂರುತ್ತಾಳೆ. ಬ್ರಾಮ್ಸ್ ಹೊತ್ತಿಗೆ ತೂಕಡಿಸಿದರೆ ತೂಕಡಿಸಲಿ, ಮೂರನೇ ಭಾಗ ಎಬ್ಬಿಸುತ್ತದೆ. ಪೆಪ್ಪರ್‌ಮಿಂಟ್ ಕಾಗದ ಮೊದಲೇ ಬಿಚ್ಚಿಟ್ಟುಕೊಳ್ಳಿ. ಜಾಗ ಆರಿಸುವ ಅವಕಾಶ ಇದ್ದರೆ ನಿಮ್ಮ ಎಡಗಡೆಯ ಸಾಲು ತೆಗೆದುಕೊಳ್ಳಿ, ಪಿಯಾನೋದವರ ಕೈ ಅಲ್ಲಿಂದ ಕಾಣುತ್ತದೆ. ಅವರ ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂತಿರುತ್ತಾರೆ, ಪುಟ ತಿರುಗಿಸುವವರು. ಎದ್ದು, ಎಡಗೈಯಿಂದ ಹಾಳೆಯ ಮೇಲಿನ ಮೂಲೆ ಹಿಡಿದು, ಸರಿಯಾದ ಕ್ಷಣಕ್ಕೆ ತಿರುಗಿಸಿ ಕೂರುತ್ತಾರೆ. ಕೊನೆಯಲ್ಲಿ ಎಲ್ಲರೂ ನಮಸ್ಕರಿಸುವಾಗ ಅವರು ನಮಸ್ಕರಿಸುವುದಿಲ್ಲ. ಈಗೀಗ ಕೆಲವರು ಟ್ಯಾಬ್ಲೆಟ್ ಇಟ್ಟು ಕಾಲಲ್ಲೇ ಪುಟ ತಿರುಗಿಸುತ್ತಾರೆ, ಹಾಗಿರದಿದ್ದರೆ ಮಗಳಿಗೆ ಒಂದು ಕೆಲಸ ಕೊಡಿ. ಬ್ರಾಮ್ಸ್ ಮುಗಿಯುವಷ್ಟರಲ್ಲಿ ಅವರು ಎಷ್ಟು ಸಲ ಎದ್ದರು ಅಂತ ಎಣಿಸಲಿ. ಲೆಕ್ಕ ನನಗೂ ಬರೆದು ತಿಳಿಸಿ.